ಯಾವ ಬಾವುಟದ ಚಿನ್ನ? ಮಾಲ್ಕಮ್ ಚಾಂಪಿಯನ್ ಬದುಕು

ನ್ಯೂಜಿಲೆಂಡಿಗೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಚಿನ್ನದ ಪದಕ ತಂದವರ ಹೆಸರು ಮಾಲ್ಕಮ್ ಚಾಂಪಿಯನ್. ಹೌದು, ಮನೆತನದ ಹೆಸರೇ ಚಾಂಪಿಯನ್, ಯಾರೋ ಕೊಟ್ಟ ಬಿರುದಲ್ಲ. ಅವರು ಈಜುಗಾರ. ಗೆದ್ದದ್ದು 1912ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಆದರೆ ಒಲಿಂಪಿಕ್ಸ್‌ನ ಪದಕ ಪಟ್ಟಿ ತೆಗೆದು 1912ನೇ ಇಸವಿಯ ಸಾಲಿನಲ್ಲಿ ನ್ಯೂಜಿಲೆಂಡ್ ಅಂತ ಹುಡುಕಿದರೆ ಆ ಪದಕ ಸಿಗೋದಿಲ್ಲ. ಅದು ಇರೋದು ಆಸ್ಟ್ರಲೇಷಿಯಾ ಅನ್ನೋ ಹೆಸರಿನ ಮುಂದೆ. ಇವತ್ತು ಆ ಹೆಸರಿನ ತಂಡವೇ ಇಲ್ಲ!

ಹಾರ್ನ್‌ಬಿಯಲ್ಲಿ ಬಾಡಿಗೆ ಮನೆ ಹಂಚಿಕೊಂಡು, ಬಸ್ ಹಿಡಿದು ಕ್ಯಾಂಪಸ್ಸಿಗೆ ಓಡಾಡುವ ನಾವು ಈ ವರ್ಷದ ಸಂಚಿಕೆಗೆ ಯಾರ ಬಗ್ಗೆ ಬರೆಯೋದು ಅಂತ ಯೋಚಿಸಿದಾಗ ಕ್ರಿಕೆಟ್ಟು, ರಗ್ಬಿ ಬಿಟ್ಟು ಇವರನ್ನೇ ಆರಿಸಿಕೊಂಡೆವು. ಕಾರಣ ಸರಳ. ಮನುಷ್ಯ ಒಂದು ಕಡೆ ಹುಟ್ಟಿ, ಇನ್ನೊಂದು ಕಡೆ ಬೆಳೆದು, ಮೂರನೆಯದೇ ಹೆಸರಿನಡಿ ಲೆಕ್ಕಕ್ಕೆ ಬಂದರೆ ಏನಾಗುತ್ತೆ ಅನ್ನೋದು ನಮಗೂ ಸಂಬಂಧಪಟ್ಟ ವಿಷಯವೇ.

ದ್ವೀಪದಿಂದ ಆಕ್ಲೆಂಡಿಗೆ

ಮಾಲ್ಕಮ್ ಹುಟ್ಟಿದ್ದು 1883ರ ನವೆಂಬರ್ 10ರಂದು, ನಾರ್ಫೋಕ್ ದ್ವೀಪದಲ್ಲಿ. ಆಸ್ಟ್ರೇಲಿಯಾದ ಪೂರ್ವಕ್ಕೆ, ನ್ಯೂಜಿಲೆಂಡಿನ ವಾಯವ್ಯಕ್ಕೆ, ಪೆಸಿಫಿಕ್ ಸಾಗರದ ನಡುವೆ ಚುಕ್ಕೆ ಇಟ್ಟಹಾಗಿರುವ ಪುಟ್ಟ ಜಾಗ ಅದು. ಮೊದಲು ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ, 1856ರಲ್ಲಿ ಪಿಟ್ಕೈರ್ನ್ ದ್ವೀಪದ ಜನರನ್ನು ತಂದು ನೆಲೆಗೊಳಿಸಿದರು. ಮಾಲ್ಕಮ್ ಹುಟ್ಟಿದಾಗ ದ್ವೀಪ ಬ್ರಿಟಿಷ್ ಸಾಮ್ರಾಜ್ಯದ್ದೇ, ಆದರೆ ಇನ್ನೂ ಆಸ್ಟ್ರೇಲಿಯಾದ ಭಾಗ ಆಗಿರಲಿಲ್ಲ. ಆಸ್ಟ್ರೇಲಿಯಾ ಅನ್ನೋ ಒಕ್ಕೂಟವೇ ಆಗ ಹುಟ್ಟಿರಲಿಲ್ಲ ಬಿಡಿ.

ಅಲ್ಲಿಂದ ಬದುಕು ಆಕ್ಲೆಂಡಿಗೆ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅವರು ನ್ಯೂಜಿಲೆಂಡಿನ ದೊಡ್ಡ ಈಜುಗಾರರಲ್ಲಿ ಒಬ್ಬರಾದರು. ರಾಷ್ಟ್ರೀಯ ಪ್ರಶಸ್ತಿಗಳು ಒಂದರ ಮೇಲೊಂದು ಬಂದವು. ವಿಶೇಷವಾಗಿ ದೂರದ ಈಜು ಅವರ ಕೈಹಿಡಿದಿತ್ತು. ಆಗ ಈಜಿನ ದೂರವನ್ನು ಇಲ್ಲಿ ಅಳೆಯುತ್ತಿದ್ದದ್ದು ಗಜ ಮತ್ತು ಮೈಲಿಯಲ್ಲಿ. ಕೊಳಗಳೂ ಒಂದೇ ಅಳತೆಯವು ಅಲ್ಲ. ಬಂದರಿನ ಉಪ್ಪುನೀರನ್ನು ಕಟ್ಟಿ ನಿಲ್ಲಿಸಿದ ಜಾಗದಲ್ಲೋ, ನದಿಯಲ್ಲೋ ಸ್ಪರ್ಧೆ ನಡೆಯುತ್ತಿತ್ತು. ನಮ್ಮೂರ ಕೆರೆ, ಕಲ್ಯಾಣಿ, ತೋಟದ ಬಾವಿಯಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಅಜ್ಜಂದಿರಿಗೆ ಇದು ಆಶ್ಚರ್ಯದ ವಿಷಯವೇನೂ ಅಲ್ಲ.

ಆಸ್ಟ್ರಲೇಷಿಯಾ ಅಂದ್ರೆ ಏನು?

1901ರಲ್ಲಿ ಆರು ಬ್ರಿಟಿಷ್ ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಕ್ಕೂಟ ಆಯಿತು. ನ್ಯೂಜಿಲೆಂಡ್‌ಗೂ ಸೇರುವ ಅವಕಾಶ ಇತ್ತು, ಸೇರಲಿಲ್ಲ. ರಾಜಕೀಯದಲ್ಲಿ ದಾರಿ ಬೇರೆ ಆದರೂ ಆಟದಲ್ಲಿ ಮನೆ ಒಡೆಯಲಿಲ್ಲ. ಟೆನಿಸ್ಸಿನ ಡೇವಿಸ್ ಕಪ್‌ನಲ್ಲಿ, 1908 ಮತ್ತು 1912ರ ಒಲಿಂಪಿಕ್ಸ್‌ನಲ್ಲಿ ಎರಡೂ ದೇಶದವರು ಆಸ್ಟ್ರಲೇಷಿಯಾ ಅಂತ ಒಂದೇ ತಂಡ ಕಟ್ಟಿಕೊಂಡು ಹೋದರು. ಈಜಿನಲ್ಲೂ ಆಸ್ಟ್ರಲೇಷಿಯಾ ಮಟ್ಟದ ಚಾಂಪಿಯನ್‌ಶಿಪ್‌ಗಳು ನಡೆಯುತ್ತಿದ್ದವು. ಇವತ್ತು ನಾವು ಖಂಡ ಮಟ್ಟದ ಕೂಟ ಅಂತ ಕರೆಯೋದಕ್ಕೆ ಅದು ಒಂದು ರೀತಿಯ ಅಜ್ಜ.

ನಮ್ಮ ಕ್ರೈಸ್ಟ್‌ಚರ್ಚ್‌ಗೂ ಈ ಕಥೆಯಲ್ಲಿ ಪಾಲು ಇದೆ. 1912ರ ಜನವರಿ ಮೊದಲ ವಾರದಲ್ಲಿ ಡೇವಿಸ್ ಕಪ್‌ನ ಕೊನೆಯ ಸುತ್ತು ಆಸ್ಟ್ರಲೇಷಿಯಾ ಮತ್ತು ಅಮೆರಿಕದ ನಡುವೆ ಇದೇ ಊರಲ್ಲಿ ನಡೆಯಿತು. ಆಸ್ಟ್ರಲೇಷಿಯಾ ಗೆದ್ದಿತು. ಅದೇ ವರ್ಷ ಸ್ಟಾಕ್‌ಹೋಮ್‌ಗೆ ಹೋದ ಆಸ್ಟ್ರಲೇಷಿಯಾ ತಂಡದಲ್ಲಿ ನ್ಯೂಜಿಲೆಂಡಿನವರು ಮೂರೇ ಜನ: ಈಜುಗಾರ ಚಾಂಪಿಯನ್, ಓಟಗಾರ ಜಾರ್ಜ್ ಹಿಲ್, ಮತ್ತು ಟೆನಿಸ್ ಆಟಗಾರ ಆಂಥನಿ ವೈಲ್ಡಿಂಗ್. ವೈಲ್ಡಿಂಗ್ ಕ್ರೈಸ್ಟ್‌ಚರ್ಚ್‌ನ ಹುಡುಗ. ವಿಂಬಲ್ಡನ್ ಸಿಂಗಲ್ಸ್ ಅನ್ನು 1910ರಿಂದ 1913ರವರೆಗೆ ಸತತ ನಾಲ್ಕು ವರ್ಷ ಗೆದ್ದವರು. ಹುಟ್ಟಿದ್ದು 1883ರ ಅಕ್ಟೋಬರ್ 31ರಂದು, ಅಂದರೆ ಚಾಂಪಿಯನ್‌ಗಿಂತ ಬರೀ ಹತ್ತು ದಿನ ದೊಡ್ಡವರು.

ಕೊಲ್ಲಿಯಲ್ಲಿ ಕಟ್ಟಿದ ಕೊಳ

ಇಲ್ಲಿಂದ ಯುರೋಪಿಗೆ ಹೋಗೋದು ಅಂದರೆ ಆಗ ವಾರಗಟ್ಟಲೆ ಹಡಗಿನ ಪ್ರಯಾಣ. ಬೆಂಗಳೂರಿಂದ ಇಲ್ಲಿಗೆ ಬರೋವಾಗ ಸಿಂಗಪುರದಲ್ಲಿ ಆರು ಗಂಟೆ ಕಾದಿದ್ದಕ್ಕೇ ಗೊಣಗುವ ನಾವು ಅದನ್ನು ಊಹಿಸೋದೂ ಕಷ್ಟ.

ಸ್ಟಾಕ್‌ಹೋಮ್‌ನಲ್ಲಿ ಈಜಿಗೆ ಅಂತ ಟೈಲ್ಸ್ ಹಾಕಿದ ಕೊಳ ಇರಲಿಲ್ಲ. ಊರಿನೊಳಗೆ ನುಗ್ಗಿರುವ ಸಮುದ್ರದ ಕೊಲ್ಲಿಯಲ್ಲೇ 100 ಮೀಟರ್ ಉದ್ದದ ಜಾಗ ಗುರುತು ಮಾಡಿ, ಮರದ ಕಟ್ಟೆ ಕಟ್ಟಿದ್ದರು. 50 ಮೀಟರ್ ಕೊಳ, ಗುರುತು ಮಾಡಿದ ಲೇನ್‌ಗಳು ಇವೆಲ್ಲ ಒಲಿಂಪಿಕ್ಸ್‌ಗೆ ಬಂದದ್ದು 1924ರ ಪ್ಯಾರಿಸ್‌ನಲ್ಲಿ.

ಅದೇ ಕೂಟದಲ್ಲಿ ಹೆಂಗಸರ ಈಜು ಒಲಿಂಪಿಕ್ಸ್‌ಗೆ ಮೊದಲ ಸಲ ಬಂತು. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಫ್ಯಾನಿ ಡ್ಯೂರಾಕ್‌ಗೆ, ಬೆಳ್ಳಿ ಮಿನಾ ವೈಲಿಗೆ. ಇಬ್ಬರೂ ಸಿಡ್ನಿಯವರು, ಆಸ್ಟ್ರಲೇಷಿಯಾ ತಂಡದವರೇ. ಗಂಡಸರು ನೋಡುವ ಕಡೆ ಹೆಂಗಸರು ಸ್ಪರ್ಧಿಸಬಾರದು ಅನ್ನೋ ನಿಯಮ ಅವರ ಸ್ವಂತ ರಾಜ್ಯದ ಮಹಿಳಾ ಈಜು ಸಂಘದಲ್ಲೇ ಇತ್ತು. ಸಾರ್ವಜನಿಕರ ಒತ್ತಾಯದ ಮೇಲೆ ಅದು ಸಡಿಲವಾಗಿ, ಹಣ ಹೊಂದಿಸಿಕೊಂಡು ಅವರು ಹೋದರು. ಹೋಗದೇ ಇದ್ದಿದ್ದರೆ ಆ ಎರಡು ಪದಕವೂ ಇರುತ್ತಿರಲಿಲ್ಲ.

ಚಾಂಪಿಯನ್ ಮೂರು ಸ್ಪರ್ಧೆಗೆ ಇಳಿದರು. 400 ಮೀಟರ್‌ನಲ್ಲಿ ಫೈನಲ್ ತಲುಪಲಿಲ್ಲ. 1500 ಮೀಟರ್‌ನಲ್ಲಿ ಫೈನಲ್ ತಲುಪಿದರು, ಆದರೆ ಪೂರ್ತಿ ಮಾಡಲಿಲ್ಲ, ನಡುವೆಯೇ ನಿಲ್ಲಿಸಿದರು. ಎರಡನ್ನೂ ಗೆದ್ದವರು ಕೆನಡಾದ ಜಾರ್ಜ್ ಹಾಡ್ಜ್‌ಸನ್. ಉಳಿದದ್ದು ಒಂದೇ ಒಂದು: 200 ಮೀಟರ್‌ನಂತೆ ನಾಲ್ಕು ಜನ ಈಜುವ ರಿಲೇ.

ಎದುರಾಳಿಯನ್ನು ಕಾಪಾಡಿದ ಜೊತೆಗಾರ

ರಿಲೇ ತಂಡದಲ್ಲಿ ಚಾಂಪಿಯನ್ ಜೊತೆಗಿದ್ದ ಮೂವರೂ ಆಸ್ಟ್ರೇಲಿಯಾದವರು: ಸೆಸಿಲ್ ಹೀಲಿ, ಲೆಸ್ಲಿ ಬೋರ್ಡ್‌ಮನ್, ಹೆರಾಲ್ಡ್ ಹಾರ್ಡ್‌ವಿಕ್. ಹಾರ್ಡ್‌ವಿಕ್ ಆಗಲೇ 400 ಮತ್ತು 1500 ಮೀಟರ್‌ನಲ್ಲಿ ಕಂಚು ಗೆದ್ದಿದ್ದರು. ಮುಂದೆ ಬಾಕ್ಸಿಂಗ್‌ನಲ್ಲೂ ಹೆಸರು ಮಾಡಿದರು.

ಹೀಲಿಯ ವಿಷಯ ಹೇಳದೆ ಮುಂದೆ ಹೋಗೋ ಹಾಗಿಲ್ಲ. 100 ಮೀಟರ್ ಸ್ಪರ್ಧೆಯಲ್ಲಿ ಎಲ್ಲರ ಕಣ್ಣು ಹವಾಯಿಯ ಡ್ಯೂಕ್ ಕಹಾನಮೊಕು ಮೇಲಿತ್ತು. ಆದರೆ ಏನೋ ಗೊಂದಲದಿಂದ ಅವರೂ ಇತರ ಅಮೆರಿಕನ್ ಈಜುಗಾರರೂ ಸೆಮಿಫೈನಲ್ ಹೊತ್ತಿಗೆ ಬರಲೇ ಇಲ್ಲ. ನಿಯಮದ ಪ್ರಕಾರ ಅವರು ಔಟ್. ಚಿನ್ನ ಹೀಲಿಯ ಕೈಗೆ ಬಂದ ಹಾಗೇ ಲೆಕ್ಕ. ಆಗ ಹೀಲಿಯೇ ಅವರ ಪರ ನಿಂತು, ಅವರಿಗೆ ಇನ್ನೊಂದು ಅವಕಾಶ ಕೊಡಲೇಬೇಕು ಅಂತ ವಾದಿಸಿದರು. ಹೆಚ್ಚುವರಿ ಸುತ್ತು ಇಟ್ಟರು. ಫೈನಲ್‌ನಲ್ಲಿ ಡ್ಯೂಕ್ 1 ನಿಮಿಷ 3.4 ಸೆಕೆಂಡಿನಲ್ಲಿ ಗೆದ್ದರು. ಹೀಲಿ 1 ನಿಮಿಷ 4.6 ಸೆಕೆಂಡಿನಲ್ಲಿ ಎರಡನೆಯವರು. ಒಂದು ಚಿನ್ನ ಹಾಗೆ ಕೈಬಿಟ್ಟು ಹೋಯಿತು.

ಈ ಡ್ಯೂಕ್ 1915ರಲ್ಲಿ ನ್ಯೂಜಿಲೆಂಡಿಗೂ ಬಂದಿದ್ದರು. ನಾವು ವಾರಾಂತ್ಯಕ್ಕೆ ಮಿರ್ಚಿ ಬಜ್ಜಿ ಕಟ್ಟಿಕೊಂಡು ಹೋಗ್ತೀವಲ್ಲ, ಆ ನ್ಯೂ ಬ್ರೈಟನ್ ಕಡಲತೀರದಲ್ಲೂ ಅಲೆಯ ಮೇಲೆ ಹಲಗೆ ಹಾಕಿ ತೋರಿಸಿ ಹೋಗಿದ್ದಾರೆ.

10 ನಿಮಿಷ 11.6 ಸೆಕೆಂಡ್

ರಿಲೇಗೆ ಬಂದದ್ದು ಐದೇ ತಂಡ. ಮೊದಲ ಹೀಟ್‌ನಲ್ಲಿ ಅಮೆರಿಕ 10 ನಿಮಿಷ 26.4 ಸೆಕೆಂಡಿನಲ್ಲಿ ಮುಗಿಸಿತು, ವಿಶ್ವದಾಖಲೆ. ಎರಡನೇ ಹೀಟ್‌ನಲ್ಲಿ ಆಸ್ಟ್ರಲೇಷಿಯಾ 10 ನಿಮಿಷ 14 ಸೆಕೆಂಡಿನಲ್ಲಿ ಮುಗಿಸಿ ಅದನ್ನು ಮುರಿಯಿತು. ಅಮೆರಿಕದ ದಾಖಲೆ ಒಂದು ದಿನವೂ ಬದುಕಲಿಲ್ಲ. ಜುಲೈ 15ರಂದು ಫೈನಲ್. ಹಂಗೇರಿ ನೀರಿಗೆ ಇಳಿಯಲಿಲ್ಲ. ಆಸ್ಟ್ರಲೇಷಿಯಾ 10 ನಿಮಿಷ 11.6 ಸೆಕೆಂಡ್, ಮತ್ತೆ ವಿಶ್ವದಾಖಲೆ. ಡ್ಯೂಕ್ ಇದ್ದ ಅಮೆರಿಕ ತಂಡ 10 ನಿಮಿಷ 20.2, ಬ್ರಿಟನ್ 10 ನಿಮಿಷ 28.2, ಜರ್ಮನಿ 10 ನಿಮಿಷ 37. ಹೀಲಿಗೂ ಕೊನೆಗೆ ಚಿನ್ನ ಸಿಕ್ಕಿತು, ಅದೂ ತಾವೇ ಉಳಿಸಿದ್ದ ಎದುರಾಳಿ ಇದ್ದ ತಂಡದ ಎದುರು.

ಇಂಜಿನಿಯರಿಂಗ್ ಓದಿದವರ ಚಟ, ಅಂಕಿ ಕಂಡರೆ ಕೈ ಸುಮ್ಮನಿರಲ್ಲ. ಮೇಲಿನ ಅಂಕಿಗಳನ್ನೆಲ್ಲ ಇನ್ನೊಮ್ಮೆ ನೋಡಿ: ಬಿಂದುವಿನ ನಂತರ ಬರೋದು 0, 2, 4, 6 ಮಾತ್ರ. ಬೆಸ ಸಂಖ್ಯೆ ಒಂದೂ ಇಲ್ಲ. ಯಾಕಂದ್ರೆ ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ಸೆಕೆಂಡಿನ ಐದನೇ ಒಂದು ಭಾಗವನ್ನಷ್ಟೇ ತೋರಿಸುತ್ತಿತ್ತು. ಇವತ್ತು ಗೋಡೆಗೆ ಅಂಟಿಸಿದ ಟಚ್‌ಪ್ಯಾಡ್ ನೂರನೇ ಒಂದು ಭಾಗದವರೆಗೂ ಹೇಳುತ್ತೆ.

800 ಮೀಟರ್‌ಗೆ 611.6 ಸೆಕೆಂಡ್ ಅಂದರೆ ಸರಾಸರಿ ವೇಗ ಸೆಕೆಂಡಿಗೆ 1.31 ಮೀಟರ್. ಗೆಲುವಿನ ಅಂತರ 8.6 ಸೆಕೆಂಡ್, ಆ ವೇಗದಲ್ಲಿ ಸುಮಾರು 11 ಮೀಟರ್. ಇದೇ ರಿಲೇಯಲ್ಲಿ 2009ರಲ್ಲಿ ರೋಮ್‌ನಲ್ಲಿ ಅಮೆರಿಕ ಮಾಡಿದ ವಿಶ್ವದಾಖಲೆ 6 ನಿಮಿಷ 58.55 ಸೆಕೆಂಡ್, ಅಂದರೆ ಸೆಕೆಂಡಿಗೆ 1.91 ಮೀಟರ್. ನೀರಿನ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಬರೀ ಕಾಗದದ ಲೆಕ್ಕದಲ್ಲಿ 1912ರ ಶೈಲಿಯಲ್ಲೇ ಈ ವೇಗ ಬೇಕಿದ್ದರೆ ಮೂರು ಪಟ್ಟು ಶಕ್ತಿ ಬೇಕು. ಮನುಷ್ಯ ಮೂರು ಪಟ್ಟು ಬಲಶಾಲಿ ಆಗಿಲ್ಲ. ನೀರನ್ನು ಸೀಳುವ ಶೈಲಿ ಬದಲಾಯಿತು, ತರಬೇತಿ ಬದಲಾಯಿತು, ಅಲೆಯನ್ನು ನುಂಗುವ ಲೇನ್ ಹಗ್ಗ ಬಂತು, ಮತ್ತು 2009ರಲ್ಲಿ ಮುಂದಿನ ವರ್ಷವೇ ನಿಷೇಧವಾದ ಜಾರುವ ಈಜುಡುಗೆಯೂ ಇತ್ತು. ಇನ್ನೊಂದು ಸಣ್ಣ ವಿಷಯ: 100 ಮೀಟರ್ ಉದ್ದದ ಜಾಗದಲ್ಲಿ ಒಬ್ಬ ಈಜುಗಾರನಿಗೆ ಒಂದೇ ತಿರುವು. ಈಗಿನ 50 ಮೀಟರ್ ಕೊಳದಲ್ಲಿ ಮೂರು. ಪ್ರತಿ ತಿರುವಿನಲ್ಲೂ ಗೋಡೆಗೆ ಒದ್ದು ವೇಗ ಪಡೆಯಬಹುದು. ಚಾಂಪಿಯನ್‌ಗೆ ಆ ಒದೆತ ಒಂದೇ ಸಲ ಸಿಕ್ಕಿತ್ತು.

ಬಿಸಿನೀರಿನ ಕೊಳದ ಉಸ್ತುವಾರಿ

ಎರಡೇ ವರ್ಷಕ್ಕೆ ಮೊದಲ ಮಹಾಯುದ್ಧ ಶುರುವಾಯಿತು. 1916ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ವೈಲ್ಡಿಂಗ್ 1915ರ ಮೇ 9ರಂದು ಫ್ರಾನ್ಸಿನ ಯುದ್ಧಭೂಮಿಯಲ್ಲಿ ತೀರಿಕೊಂಡರು, ವಯಸ್ಸು 31. ಹೀಲಿ 1918ರ ಆಗಸ್ಟ್ 29ರಂದು ಸೋಮ್ ನದಿಯ ಪಕ್ಕದ ಕದನದಲ್ಲಿ ತೀರಿಕೊಂಡರು. ಯುದ್ಧ ಮುಗಿಯೋಕೆ ಇನ್ನು ಮೂರು ತಿಂಗಳೂ ಬಾಕಿ ಇರಲಿಲ್ಲ. ಆಸ್ಟ್ರೇಲಿಯಾದ ಒಲಿಂಪಿಕ್ ಚಿನ್ನದ ವಿಜೇತರಲ್ಲಿ ಯುದ್ಧದಲ್ಲಿ ಸತ್ತವರು ಹೀಲಿ ಒಬ್ಬರೇ.

ಚಾಂಪಿಯನ್ ಬದುಕು ಆಕ್ಲೆಂಡಿನಲ್ಲೇ ಮುಂದುವರಿಯಿತು. 1914ರಲ್ಲಿ ಬಂದರಿನ ಹತ್ತಿರ ಟೆಪಿಡ್ ಬಾತ್ಸ್ ಅನ್ನೋ ಒಳಾಂಗಣ ಈಜುಕೊಳ ತೆರೆಯಿತು. ಹೆಸರೇ ಹೇಳುವಂತೆ ಉಗುರುಬೆಚ್ಚಗಿನ ನೀರು. ಬಂದರಿನ ಉಪ್ಪುನೀರನ್ನೇ ಒಳಗೆ ತಂದು, ಊರಿನ ಟ್ರಾಮ್‌ಗಳಿಗೆ ಕರೆಂಟು ಕೊಡುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಸುಮ್ಮನೆ ಪೋಲಾಗುವ ಶಾಖದಿಂದ ಕಾಯಿಸುತ್ತಿದ್ದರು. ನಾವು ಇವತ್ತು ಅಸೈನ್‌ಮೆಂಟ್‌ನಲ್ಲಿ ಶಾಖದ ಮರುಬಳಕೆ ಅಂತ ಹತ್ತು ಪುಟ ಬರೀತೀವಲ್ಲ, ಅದನ್ನು ಅವರು ನೂರು ವರ್ಷದ ಹಿಂದೆ ಕಟ್ಟಿ ತೋರಿಸಿದ್ದರು. ಆ ಕೊಳದ ಉಸ್ತುವಾರಿ ಮಾಲ್ಕಮ್ ಚಾಂಪಿಯನ್.

ವಿಶ್ವದಾಖಲೆ ಮಾಡಿದ ಮನುಷ್ಯ ಕೊಳ ನೋಡಿಕೊಳ್ಳುವ ಕೆಲಸದಲ್ಲಿ ಅಂದರೆ ನಮಗೆ ಸ್ವಲ್ಪ ಬೇಜಾರಾಗಬಹುದು. ಆ ಕಾಲದಲ್ಲಿ ಪದಕಕ್ಕೆ ನಿವೇಶನ, ಸರ್ಕಾರಿ ಕೆಲಸ, ಜಾಹೀರಾತು ಯಾವುದೂ ಇರಲಿಲ್ಲ. ಉಲ್ಟಾ, ಈಜಿನಿಂದ ಕಾಸು ಪಡೆದರೆ ಹವ್ಯಾಸಿ ಅನ್ನೋ ಪಟ್ಟ ಹೋಗುತ್ತಿತ್ತು. ಆಸ್ಟ್ರೇಲಿಯಾದ ಫ್ರಾಂಕ್ ಬೋರೆಪೇರ್ 1908ರಲ್ಲಿ ಬೆಳ್ಳಿ, ಕಂಚು ಗೆದ್ದವರು. ಈಜು ಹೇಳಿಕೊಡುವ ಸಂಬಳದ ಕೆಲಸ ಮಾಡಿದ್ದಕ್ಕೆ ಅವರನ್ನು ವೃತ್ತಿಪರ ಅಂತ ಕರೆದು 1912ಕ್ಕೆ ಬಿಡಲಿಲ್ಲ. ಆದರೆ ಚಾಂಪಿಯನ್ ಕೆಲಸವನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. ಚಳಿ ಊರಲ್ಲಿ ಸಾಮಾನ್ಯ ಜನ ಬೆಚ್ಚಗಿನ ನೀರಿಗೆ ಇಳಿಯೋಕೆ ಧೈರ್ಯ ಮಾಡೋ ಜಾಗ ಅದು. ಅದನ್ನು ನೋಡಿಕೊಳ್ಳೋಕೆ ಅವರಿಗಿಂತ ತಿಳಿದವರು ಯಾರಿದ್ದರು?

1939ರಲ್ಲಿ, 55ನೇ ವಯಸ್ಸಿನಲ್ಲಿ ಚಾಂಪಿಯನ್ ಆಕ್ಲೆಂಡಿನಲ್ಲಿ ತೀರಿಕೊಂಡರು. ನ್ಯೂಜಿಲೆಂಡಿನ ಕ್ರೀಡಾ ಗೌರವ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು ಅವರು ಹೋಗಿ ಎಷ್ಟೋ ವರ್ಷ ಆದಮೇಲೆ. ಟೆಪಿಡ್ ಬಾತ್ಸ್ ಮಾತ್ರ ದುರಸ್ತಿಯಾಗಿ ಈಗಲೂ ಇದೆ. ಉಪ್ಪುನೀರಿನ ಬದಲು ಸಿಹಿನೀರು.

ಪದಕ ಯಾರ ಖಾತೆಗೆ?

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ನ್ಯೂಜಿಲೆಂಡ್ ಮೊದಲ ಬಾರಿ ತನ್ನದೇ ಹೆಸರಿನಲ್ಲಿ ತಂಡ ಕಳಿಸಿತು. ನಾಲ್ಕೇ ಜನ. ಅವರಲ್ಲಿ ಒಬ್ಬಳು 15 ವರ್ಷದ ಈಜುಗಾರ್ತಿ, ವಯಲೆಟ್ ವಾಲ್‌ರಾಂಡ್. ಈಜಿನಲ್ಲಿ ನ್ಯೂಜಿಲೆಂಡ್ ಹೆಸರಿನಲ್ಲೇ ಮೊದಲ ಪದಕ ಬರಲು 1952ರವರೆಗೆ ಕಾಯಬೇಕಾಯಿತು, ಹೆಲ್ಸಿಂಕಿಯಲ್ಲಿ ಜೀನ್ ಸ್ಟೂವರ್ಟ್ ಅವರ ಕಂಚು. ಚಿನ್ನಕ್ಕೆ ಇನ್ನೂ ಕಾಯಬೇಕಿತ್ತು. 1996ರಲ್ಲಿ ಅಟ್ಲಾಂಟಾದಲ್ಲಿ ಡ್ಯಾನಿಯನ್ ಲೋಡರ್ 200 ಮತ್ತು 400 ಮೀಟರ್ ಎರಡನ್ನೂ ಗೆದ್ದರು. ಲೋಡರ್ ಹುಟ್ಟಿದ್ದು ನಮ್ಮ ಕ್ಯಾಂಟರ್ಬರಿಯದೇ ಟಿಮಾರುವಿನಲ್ಲಿ. ಸ್ಟಾಕ್‌ಹೋಮ್‌ನಿಂದ ಅಟ್ಲಾಂಟಾಗೆ 84 ವರ್ಷ.

ಈಗ ಲೆಕ್ಕ ನೀಟಾಗಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬೇರೆ ಬೇರೆ ದೇಶವಾಗಿ ಈಜುತ್ತವೆ. ಆದರೆ ಖಂಡದ ದಾಖಲೆ ಬಂದಾಗ ಇಬ್ಬರೂ ಓಷಿಯಾನಿಯಾ ಅನ್ನೋ ಒಂದೇ ಪಟ್ಟಿಯಲ್ಲಿ. ಹಾಗಾಗಿ ಪಕ್ಕದಲ್ಲಿ ಆಸ್ಟ್ರೇಲಿಯಾದಂಥ ದೈತ್ಯ ಇರುವಾಗ ನ್ಯೂಜಿಲೆಂಡಿನ ಹುಡುಗ ಹುಡುಗಿಯರು ಖಂಡದ ದಾಖಲೆ ಮುರಿಯೋದು ಅಂದರೆ ಹೆಚ್ಚುಕಡಿಮೆ ವಿಶ್ವದಾಖಲೆಗೆ ಕೈ ಚಾಚಿದ ಹಾಗೆ. ಭಾರತದವರ ಪಟ್ಟಿ ಏಷ್ಯಾ. ಅಲ್ಲಿ ಜಪಾನ್, ಚೀನಾ ಎದುರಿಗೆ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲ್ ಗೆದ್ದರು. ಆಮೇಲೆ ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ. ಬೆಂಗಳೂರಿನ ಕೊಳಗಳಲ್ಲಿ ಬೆಳೆದ ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಘು ಇವರೆಲ್ಲ ಆ ಗೋಡೆಗೆ ಕೈ ಮುಟ್ಟಿಸೋಕೆ ಹೊರಟವರು.

ನಾರ್ಫೋಕ್ ದ್ವೀಪದ ವಿಷಯ ಇನ್ನೂ ಸ್ವಾರಸ್ಯ. ಆಡಳಿತದಲ್ಲಿ ಅದು 1914ರಿಂದ ಆಸ್ಟ್ರೇಲಿಯಾದ ಪ್ರದೇಶ. ಆದರೆ 1986ರಿಂದ ಕಾಮನ್‌ವೆಲ್ತ್ ಗೇಮ್ಸ್‌ಗೆ ತನ್ನದೇ ಬಾವುಟ ಹಿಡಿದು ಹೋಗುತ್ತೆ. ಅಂದರೆ ಚಾಂಪಿಯನ್ ಹುಟ್ಟಿದ ಜಾಗಕ್ಕೆ ಒಂದು ಬಾವುಟ, ಬೆಳೆದ ಜಾಗಕ್ಕೆ ಒಂದು, ಗೆದ್ದದ್ದು ಮೂರನೇ ಹೆಸರಿನಲ್ಲಿ.

ನಮ್ಮ ಸಂಘದ ಪಟ್ಟಿಯನ್ನೇ ನೋಡಿದರೂ ಇದೇ ಕಥೆ. ಕಾಸರಗೋಡಿನ ಗೆಳೆಯ ಮನೆಯಲ್ಲಿ ಕನ್ನಡ ತುಳು ಮಾತಾಡ್ತಾನೆ. ಅವನು ಈಜುಗಾರ ಆಗಿದ್ದರೆ ರಾಷ್ಟ್ರೀಯ ಕೂಟದಲ್ಲಿ ಕೇರಳದ ಟೋಪಿ ಹಾಕಬೇಕಿತ್ತು. ಸೊಲ್ಲಾಪುರದವಳಾದರೆ ಮಹಾರಾಷ್ಟ್ರದ್ದು. 1973ರ ನವೆಂಬರ್ 1ಕ್ಕೆ ಮುಂಚೆ ಬೆಂಗಳೂರಿನ ಹುಡುಗರೇ ಕರ್ನಾಟಕದ ಹೆಸರಲ್ಲಿ ಆಡಿಲ್ಲ, ಆಗ ರಾಜ್ಯದ ಹೆಸರು ಮೈಸೂರು. ಇಲ್ಲಿಗೆ ಬಂದಮೇಲೆ ಫಾರ್ಮ್‌ಗಳಲ್ಲಿ ನಾವೆಲ್ಲ ಇಂಡಿಯನ್, ಕೆಲವು ಕಡೆ ಬರೀ ಏಷಿಯನ್. ಕನ್ನಡ ಅನ್ನೋ ಕಾಲಂ ಎಲ್ಲೂ ಕಾಣಲ್ಲ. ಬೇಜಾರು ಮಾಡಿಕೊಳ್ಳೋರೂ ನಮ್ಮಲ್ಲಿದ್ದಾರೆ, ತಲೆ ಕೆಡಿಸಿಕೊಳ್ಳದವರೂ ಇದ್ದಾರೆ. ಈ ಲೇಖನ ಬರೆಯುವಾಗಲೂ ಆ ಚರ್ಚೆ ಮುಗಿಯಲಿಲ್ಲ.

ಚಾಂಪಿಯನ್ ಕಥೆಯಿಂದ ನಮಗೆ ತಿಳಿದದ್ದು ಇಷ್ಟು. ಪಟ್ಟಿಯಲ್ಲಿ ಯಾವ ಹೆಸರು ಇದೆ ಅನ್ನೋದು ಮುಖ್ಯವೇ. ಇಲ್ಲದಿದ್ದರೆ ನ್ಯೂಜಿಲೆಂಡ್ ತನ್ನದೇ ತಂಡ ಕಟ್ಟಿಕೊಳ್ಳುತ್ತಿರಲಿಲ್ಲ, ನಾವೂ ಕಡಲಾಚೆ ಕನ್ನಡ ಸಂಘ ಕಟ್ಟುತ್ತಿರಲಿಲ್ಲ. ಆದರೆ ಅವರು ಬೇರೆ ದೇಶದ ಮೂವರ ಜೊತೆ ಸೇರಿ ಈಜಿದ ತಮ್ಮ ಪಾಲಿನ 200 ಮೀಟರ್ ಯಾವ ಕಾಲಂಗೆ ಹೋದರೂ ಕಡಿಮೆ ಆಗಿಲ್ಲ. ಪದಕ ಪಟ್ಟಿ ಅದನ್ನು ಆಸ್ಟ್ರಲೇಷಿಯಾಗೆ ಬರೆದುಕೊಂಡಿದೆ, ಇಲ್ಲಿನ ಜನ ತಮ್ಮ ಮೊದಲ ಚಿನ್ನ ಅಂತಲೇ ನೆನೆಯುತ್ತಾರೆ. ಎರಡೂ ನಿಜ.

ಕೊನೆಗೆ ಒಂದು ಮಾತು, ಹೊಸದಾಗಿ ಬರುವ ತಮ್ಮ ತಂಗಿಯರಿಗೆ. ಹಾರ್ನ್‌ಬಿಯ ಮಾಟಾಟಿಕಿ ಕೇಂದ್ರದಲ್ಲಿ ಗ್ರಂಥಾಲಯ ಮತ್ತು ಈಜುಕೊಳ ಒಂದೇ ಸೂರಿನಡಿ ಇವೆ. ಮಾಟಾಟಿಕಿ ಅಂದರೆ ಮಾವೋರಿ ಭಾಷೆಯಲ್ಲಿ ಚಿಲುಮೆ. ಈ ದೇಶದಲ್ಲಿ ನದಿ, ಸಮುದ್ರ ಎಲ್ಲ ಕಡೆ ಹತ್ತಿರ, ನೋಡೋಕೆ ಚೆಂದ, ಸೆಳೆತ ಜೋರು. ನಮ್ಮಲ್ಲಿ ತುಂಬಾ ಜನ ಈಜು ಕಲಿಯದೇ ವಿಮಾನ ಹತ್ತಿದವರು. ಮೊದಲ ಸೆಮಿಸ್ಟರ್‌ನಲ್ಲೇ ಕಲಿತುಬಿಡಿ. ನೀರು ಬೆಚ್ಚಗಿರುತ್ತೆ, ಗಡಿಯಾರ ಗೋಡೆ ಮೇಲಿರುತ್ತೆ. ಮೊದಲ 25 ಮೀಟರ್‌ಗೆ ಎಷ್ಟು ಹೊತ್ತು ಬೇಕಾದರೂ ಆಗಲಿ, ಯಾವ ಪಟ್ಟಿಗೂ ಸೇರದ ಆ ದಾಖಲೆ ನಿಮ್ಮದೇ.